ಲಂಗದ ಅಂಚಿನ ಮೊಳೆ

ಹೊಟ್ಟೆಯಲ್ಲಿರುವ ಮಗುವಿನ ಮಿದುಳು ನೋಡಲು ಎಂಆರ್‌ಐ ಮಾಡಿಸಬೇಕು ಎಂದು ಡಾಕ್ಟರು ಚೀಟಿ ಬರೆದುಕೊಟ್ಟ ದಿನ ನಾನು ಹುಡುಕಿದ್ದು ಔಷಧಿಯನ್ನಲ್ಲ, ದೇವರನ್ನೂ ಅಲ್ಲ. ಅದನ್ನು ಮಾಡಿಸಿಕೊಂಡು ಬಂದ ಇನ್ನೊಬ್ಬ ಹೆಂಗಸನ್ನು ಹುಡುಕಿದೆ. ಒಬ್ಬರೂ ಸಿಗಲಿಲ್ಲ. ತಲೆನೋವಿಗೆ, ಬೆನ್ನುನೋವಿಗೆ, ಮಂಡಿನೋವಿಗೆ ಮಾಡಿಸಿಕೊಂಡವರು ಬೇಕಾದಷ್ಟು ಜನ ಇದ್ದರು. ಬಸುರಿಯಾಗಿ ಅದರೊಳಗೆ ಹೋದವರ ಸುದ್ದಿಯೇ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಿದುಳಿನ ವಿಷಯ ತಿಳಿಯಬೇಕಾದವರು ಡಾಕ್ಟರನ್ನು ಕೇಳುವುದು ಒಳ್ಳೆಯದು. ನನಗೆ ಚೆನ್ನಾಗಿ ಗೊತ್ತಿರುವುದು ಕಾಯುವ ಕುರ್ಚಿಗಳ ವಿಷಯ ಮಾತ್ರ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು, ನನ್ನ ಗಂಡ ವೀರೇಶ ಬಿಟಿಎಂ ಲೇಔಟಿನಲ್ಲಿ ಜಯಮ್ಮ ಆಂಟಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಆಂಟಿಯ ಮಾವನ ಕಾಲದಲ್ಲಿ ಅದೆಲ್ಲ ರಾಗಿ ಹೊಲವಂತೆ. ಈಗ ಅದೇ ಹೊಲದಲ್ಲಿ ಒಂದರ ಮೇಲೊಂದು ಮಹಡಿಯಂತೆ ನಮ್ಮಂಥ ಬಾಡಿಗೆಯವರು ಬೆಳೆದಿದ್ದೆವು. ವೀರೇಶ ಒಂದು ಕೊರಿಯರ್ ಕಂಪನಿಯ ಆಫೀಸಿನಲ್ಲಿದ್ದರು. ನಾನು ಜಯನಗರದ ಕನ್ನಡಕದ ಅಂಗಡಿಯೊಂದರಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದೆ. ಇಬ್ಬರೂ ಗದಗದ ಕಡೆಯವರು. ಮದುವೆಯಾಗಿ ನಾಲ್ಕು ವರ್ಷದ ಮೇಲೆ ನಿಂತ ಬಸಿರು ಅದು.

ಐದನೇ ತಿಂಗಳಿನ ಸ್ಕ್ಯಾನಿಂಗಿಗೆ ಹೋದಾಗ ಒಳಗಿದ್ದ ಡಾಕ್ಟರು ಮೊದಲು ಬಹಳ ಮಾತಾಡಿದರು. ಯಾವ ಊರು, ಊಟ ಸೇರುತ್ತದೆಯೇ, ಬೆಂಗಳೂರಿನ ಜೋಳದ ರೊಟ್ಟಿ ರೊಟ್ಟಿಯ ಹಾಗಿದೆಯೇ ಎಂದೆಲ್ಲ ಕೇಳಿದರು. ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾದರು. ಹೊಟ್ಟೆಯ ಮೇಲಿನ ಆ ತಣ್ಣನೆಯ ಉಪಕರಣ ಒಂದೇ ಜಾಗದಲ್ಲಿ ಹೋಗಿ ಬಂದು ಮಾಡತೊಡಗಿತು. ಪರದೆಯನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು. ಮಗು ಗಂಡೋ ಹೆಣ್ಣೋ ಹೇಳುವುದಿಲ್ಲ ಎಂದು ಗೋಡೆಯ ಮೇಲೆ ದೊಡ್ಡ ಬೋರ್ಡು ಇತ್ತು. ಅದೊಂದನ್ನು ಬಿಟ್ಟು ಉಳಿದದ್ದನ್ನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಅದನ್ನೂ ಹೇಳಲಿಲ್ಲ. ನಿಮ್ಮ ಡಾಕ್ಟರ ಹತ್ತಿರವೇ ಮಾತಾಡಿ ಎಂದು ಟಿಶ್ಯೂ ಪೇಪರು ಕೊಟ್ಟರು.

ನಮ್ಮ ಡಾಕ್ಟರು ಜಯನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ವಯಸ್ಸಾದ ಹೆಂಗಸು. ಬೈಯುವುದಕ್ಕೆ ಹೆಸರಾದವರು. ಆವತ್ತು ಬೈಯಲಿಲ್ಲ, ಅದರಿಂದಲೇ ನನಗೆ ಭಯವಾಯಿತು. ಮಗುವಿನ ಮಿದುಳಿನೊಳಗೆ ನೀರಿರುವ ಜಾಗ ಇರಬೇಕಾದ್ದಕ್ಕಿಂತ ಅಗಲವಾಗಿ ಕಾಣುತ್ತಿದೆ, ಯಾಕೆ ಎಂಬುದು ಸ್ಕ್ಯಾನಿಂಗಿನಲ್ಲಿ ತಿಳಿಯುತ್ತಿಲ್ಲ, ಎಂಆರ್‌ಐ ಮಾಡಿದರೆ ಸ್ವಲ್ಪ ತಿಳಿಯಬಹುದು ಎಂದರು. ವೀರೇಶ ಯಾವಾಗ ಮಾಡಿಸಬೇಕು ಎಂದು ಕೇಳಿದರು.

"ಅಲ್ಲೇ ಇರೋದು ಕಷ್ಟ" ಎಂದರು ಡಾಕ್ಟರು. "ಇನ್ನೂ ಕೆಲವು ವಾರ ಬಿಟ್ಟು ಮಾಡಿದ್ರೆ ಚೆನ್ನಾಗಿ ಕಾಣತ್ತೆ. ಆದ್ರೆ ಬೇಡ ಅನ್ನೋದಾದ್ರೆ, ಕಾನೂನಲ್ಲಿ ಇಪ್ಪತ್ತು ವಾರದೊಳಗೆ ಹೇಳ್ಬೇಕು. ಅದಕ್ಕೆ ಜಾಸ್ತಿ ದಿನ ಉಳಿದಿಲ್ಲ. ಈಗ್ಲೇ ಮಾಡಿಸಿ. ಕಂಡಷ್ಟು ಕಾಣ್ಲಿ."

ಬೇಡ ಅನ್ನುವುದಾದರೆ ಎಂಬ ಮಾತು ಆ ದಿನದಿಂದ ನಮ್ಮ ಮನೆಯಲ್ಲೇ ಬಂದು ಕೂತಿತು. ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ವೀರೇಶ ದಿನಾ ಬೆಳಿಗ್ಗೆ ಬೈಕನ್ನು ತೊಳೆಯತೊಡಗಿದರು. ಮದುವೆಯಾದಾಗಿನಿಂದ ಆ ಬೈಕು ಅಷ್ಟು ನೀರು ಕಂಡಿರಲಿಲ್ಲ. ಜಯಮ್ಮ ಆಂಟಿ ಸೊಪ್ಪಿನ ಸಾರು ತಂದುಕೊಟ್ಟು, ಪಕ್ಕದಲ್ಲಿ ಕೂತು, ನನ್ನ ಕೂದಲಿಗೆ ಎಣ್ಣೆ ಹಚ್ಚುತ್ತಾ ತನಗೆ ತಿಳಿದದ್ದನ್ನು ಹೇಳಿದರು.

"ನಿಂಗಿನ್ನೂ ವಯಸ್ಸಿದೆ ಕಣಮ್ಮ. ಮುಂದೆ ಇನ್ನೊಂದಾಗುತ್ತೆ. ಕಷ್ಟ ಅಂತ ಗೊತ್ತಿದ್ದೂ ಯಾಕೆ ಮಡ್ಲಿಗೆ ಕಟ್ಕೋತೀಯ?"

ಅವರಿಗೆ ನನ್ನ ಮೇಲೆ ಪ್ರೀತಿ ಇತ್ತು. ಎಣ್ಣೆ ಹಚ್ಚುವ ಕೈಯಲ್ಲೇ ಅದು ಗೊತ್ತಾಗುತ್ತಿತ್ತು. ಆದರೂ ಆ ಸಾರನ್ನು ನಾನು ಹಾಗೇ ಮುಚ್ಚಿಟ್ಟೆ.

ಎಲ್ಲರಿಗಿಂತ ಹೆಚ್ಚು ನೋಯಿಸಿದವಳು ನನ್ನ ಅವ್ವ. ನಮ್ಮ ಕಡೆ ಬಸುರಿಗೆ ಐದನೇ ತಿಂಗಳಿನಲ್ಲಿ ತವರುಮನೆಯವರು ಕುಬಸ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಹೊಸ ಕುಪ್ಪಸ ತೊಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಆರತಿ ಎತ್ತಿ, ಉಡಿ ತುಂಬುತ್ತಾರೆ. ಅವ್ವ ಸೀರೆ ತಂದಾಗಿತ್ತು, ಕುಪ್ಪಸಕ್ಕೆ ಗುಳೇದಗುಡ್ಡದ ಖಣ ತರಿಸಿಯಾಗಿತ್ತು, ಓಣಿಯ ಹೆಂಗಸರಿಗೆಲ್ಲ ಹೇಳಿಯೂ ಆಗಿತ್ತು. ನಾನು ಫೋನಿನಲ್ಲಿ ಅಳುತ್ತಾ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವ್ವ ಎಲ್ಲ ಕೇಳಿಸಿಕೊಂಡಳು. ಕೊನೆಗೆ, "ಹಂಗಾರ ಕುಬಸ ಈಗ ಬ್ಯಾಡ. ರಿಪೋರ್ಟ್ ಬರಲಿ" ಅಂದಳು.

ಅಷ್ಟೇ. ಫೋನಿಟ್ಟ ಮೇಲೆ ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತೆ. ಡಾಕ್ಟರು ಕೈಬಿಡಲಿ, ಮನೆ ಮಾಲೀಕರು ಬೇಡ ಅನ್ನಲಿ, ನನ್ನ ಹೆತ್ತವಳೇ ಈ ಮಗುವನ್ನು ಬಿಟ್ಟುಕೊಟ್ಟಳಲ್ಲ ಎಂದು ಸಿಟ್ಟು ಬಂತು. ಅಳುವುದಕ್ಕೂ ಶಕ್ತಿ ಉಳಿದಿರಲಿಲ್ಲ. ಒಳಗೆ ಅದು ಆಗಾಗ ಮಿಸುಕುತ್ತಿತ್ತು. ತನ್ನ ಮೇಲೆ ಇಷ್ಟೊಂದು ಮಾತುಕತೆ ನಡೆದಿದೆ ಎಂದು ಅದಕ್ಕೇನು ಗೊತ್ತು.

ಎಂಆರ್‌ಐಗೆ ದಿನ ಗೊತ್ತಾದಾಗ ಅವ್ವ ಊರಿನಿಂದ ಬಸ್ಸು ಹಿಡಿದು ಬಂದಳು. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ಇತ್ತು, ರೊಟ್ಟಿಯ ಗಂಟು ಇತ್ತು. ಹಸಿರು ಸೀರೆ ಇರಲಿಲ್ಲ. ನಾನು ಚೀಲದೊಳಗೆ ಇಣುಕಿ ನೋಡಿದ್ದನ್ನು ಅವಳು ನೋಡಿದಳು, ನೋಡದವಳ ಹಾಗೆ ಇದ್ದಳು. ಬಂದವಳೇ ಮನೆ ಗುಡಿಸಿದಳು, ನನ್ನ ಬಟ್ಟೆಗಳನ್ನೆಲ್ಲ ಒಗೆದಳು. ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಕೂತು ಹರಿದದ್ದು ಪಿಸಿದದ್ದು ಹೊಲಿದಳು. ಲಂಗದ ಅಂಚು ಬಿಚ್ಚಿಕೊಂಡಿದೆ, ಹೊಲಿಗೆ ಹಾಕುತ್ತೇನೆ ಅಂದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಮರುದಿನ ಮೂವರೂ ಆಟೋದಲ್ಲಿ ಜಯನಗರಕ್ಕೆ ಹೋದೆವು. ಎಂಆರ್‌ಐ ಸೆಂಟರು ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಮೆಟ್ಟಿಲು ಇಳಿದರೆ ಎಸಿಯ ಚಳಿ. ಗೋಡೆಗೆ ಅಂಟಿಸಿದಂತೆ ಸಾಲಾಗಿ ಕಬ್ಬಿಣದ ಕುರ್ಚಿಗಳು, ಒಬ್ಬರು ಎದ್ದರೆ ಇಡೀ ಸಾಲು ಅಲುಗುತ್ತಿತ್ತು. ಗೋಡೆಯಾಚೆಯಿಂದ ಯಂತ್ರದ ಬಡಿತ ಬಿಟ್ಟುಬಿಟ್ಟು ಕೇಳುತ್ತಿತ್ತು. ಬೆಳಿಗ್ಗೆ ಕೊಟ್ಟ ಸಮಯ ಮಧ್ಯಾಹ್ನವಾಯಿತು. ಅಷ್ಟರಲ್ಲಿ ವೀರೇಶರಿಗೆ ಆಫೀಸಿನಿಂದ ಎರಡು ಸಲ ಫೋನ್ ಬಂತು. ಹೋಗಿ ಬರುತ್ತೇನೆ ಎಂದು ಅವರು ಹೊರಟಾಗ ನಾನು ತಡೆಯಲಿಲ್ಲ. ಭಯದ ಜೊತೆ ಕೂರುವುದಕ್ಕಿಂತ ಆಫೀಸಿನಲ್ಲಿ ಬೈಸಿಕೊಳ್ಳುವುದು ಅವರಿಗೆ ಸುಲಭವಿತ್ತು.

ಕೊನೆಗೆ ನನ್ನ ಹೆಸರು ಕರೆದರು. ಒಳಗಿನ ಆಯಾ ನನ್ನ ತಾಳಿ, ಕಿವಿಯೋಲೆ, ಕಾಲುಂಗುರ, ಬಳೆ, ಹೇರ್‌ಪಿನ್ನು ಎಲ್ಲವನ್ನೂ ಬಿಚ್ಚಿಸಿ ಒಂದು ಕವರಿಗೆ ಹಾಕಿ ಅವ್ವನ ಕೈಗೆ ಕೊಟ್ಟು ಬಂದಳು. ತಾಳಿ ತೆಗೆದ ಕೊರಳಿಗೆ ಕಟ್ಟಿಕೊಳ್ಳಲಿ ಎಂದು ಅವ್ವ ಅವಳ ಕೈಯಲ್ಲೇ ಅರಿಶಿನದ ದಾರ ಕಳಿಸಿದಳು. ಹಸಿರು ಗೌನು ಹಾಕಿಕೊಂಡೆ. ಲಂಗಕ್ಕೆ ಹುಕ್ಕಿಲ್ಲ, ಬರೀ ಲಾಡಿ, ಅದು ಇರಲಿ ಬಿಡಿ ಎಂದಳು ಆಯಾ. ಮೈಮೇಲೆ ಕಬ್ಬಿಣ ಏನಾದರೂ ಇದೆಯೇ ಎಂದು ಟೆಕ್ನಿಷಿಯನ್ ಕೇಳಿದರು. ಇಲ್ಲ ಎಂದೆ. ನನಗೆ ತಿಳಿದ ಮಟ್ಟಿಗೆ ಅದು ನಿಜವಾಗಿತ್ತು. ಒಳಗಿದ್ದವರು ಹೊರಬರಲಿ ಎಂದು ಯಂತ್ರದ ಕೋಣೆಯ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂರಿಸಿದರು.

ಹೊರಗೆ ಆಗಲೇ ಅವ್ವ ಪಕ್ಕದ ಕುರ್ಚಿಯವರನ್ನು ಮಾತಿಗೆಳೆದಿದ್ದಳು. ಆ ಮನುಷ್ಯ ಬೆಲ್ಟು, ಬೀಗದ ಕೈ, ಚಿಲ್ಲರೆ ಎಲ್ಲ ತೆಗೆದು ಹೆಂಡತಿಯ ಬ್ಯಾಗಿಗೆ ತುಂಬುತ್ತಿದ್ದರಂತೆ. ಅದ್ಯಾಕೆ ಎಂದು ಅವ್ವ ಕೇಳಿದ್ದಾಳೆ. ಒಳಗಿರುವುದು ದೊಡ್ಡ ಆಯಸ್ಕಾಂತ, ಕಬ್ಬಿಣ ಇದ್ದರೆ ಹಾರಿ ಹೋಗಿ ಅಂಟಿಕೊಳ್ಳುತ್ತದೆ, ಅಡ್ಡ ಬಂದವರಿಗೆ ಚುಚ್ಚುತ್ತದೆ ಎಂದು ಅವರು ವಿವರವಾಗಿ ಹೇಳಿದ್ದಾರೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ನಾನು ಕಂಡದ್ದು ಇಷ್ಟು: ಒಳಗಿನ ಬಾಗಿಲು ತೆರೆಯಿತು, ಟೆಕ್ನಿಷಿಯನ್ ಬನ್ನಿ ಮೇಡಂ ಎಂದರು, ನಾನು ಎದ್ದೆ, ಅಷ್ಟರಲ್ಲಿ ಹಿಂದಿನಿಂದ ಸೆಕ್ಯುರಿಟಿಯವನನ್ನು ತಳ್ಳಿಕೊಂಡು ಅವ್ವ ಬಂದಳು. ಚಪ್ಪಲಿ ಎಲ್ಲೋ ಬಿಟ್ಟಿದ್ದಳು.

"ನಿಲ್ಲಸ್ರಿ. ಆಕಿನ್ನ ಒಳಗ ಬಿಡಬ್ಯಾಡ್ರಿ. ಆಕಿ ಮೈಮ್ಯಾಲ ಕಬ್ಬಿಣ ಐತಿ" ಅಂದಳು. "ನಾನ ಹಾಕೀನಿ."

ಎಲ್ಲರೂ ನನ್ನನ್ನು ನೋಡಿದರು. ಅವ್ವ ಆ ತಣ್ಣನೆಯ ನೆಲದ ಮೇಲೆ ಕೂತು, ನನ್ನ ಲಂಗದ ಅಂಚನ್ನು ಸರಸರ ಕೈಯಲ್ಲಿ ಸರಿಸುತ್ತಾ ಹೋಗಿ ಒಂದು ಕಡೆ ನಿಂತಳು. ಹೊಲಿಗೆ ಬಿಚ್ಚಲು ಕತ್ತರಿ ಇರಲಿಲ್ಲ. ಇದ್ದಿದ್ದರೂ ಅಲ್ಲಿಗೆ ತರುವಂತಿರಲಿಲ್ಲ. ಹಲ್ಲಿನಿಂದ ದಾರ ಕಡಿದಳು. ಮಡಿಕೆಯೊಳಗಿಂದ ಬೆರಳ ಗೆಣ್ಣಿನಷ್ಟು ಉದ್ದದ ಒಂದು ಮೊಳೆ ಹೊರಬಂತು.

ನಮ್ಮ ಕಡೆ ಬಸುರಿಯೊಬ್ಬಳು ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಹೋಗುವಾಗ, ಗುರುತಿಲ್ಲದ ಜಾಗಕ್ಕೆ ಹೋಗುವಾಗ ಮೈಮೇಲೆ ಒಂದು ಚೂರು ಕಬ್ಬಿಣ ಇರಬೇಕು. ಇಲ್ಲದಿದ್ದರೆ ಹೊಟ್ಟೆಯಲ್ಲಿರುವ ಕೂಸಿಗೆ ಗಾಳಿ ಸೋಕುತ್ತದೆ ಎನ್ನುತ್ತಾರೆ. ಅವ್ವ ಆ ಮೊಳೆಯನ್ನು ಊರಿನಿಂದಲೇ ತಂದಿದ್ದಳು. ನಾನು ಕಂಡರೆ ಬೈದು ಎಸೆಯುತ್ತೇನೆ ಎಂದು ಹೇಳದೆ ಹೊಲಿದಿದ್ದಳು. ಬೆಂಗಳೂರಿನಲ್ಲಿ ಮಗುವನ್ನು ಕಾಯಬೇಕಾದ ಕಬ್ಬಿಣವನ್ನೇ ಎಳೆದುಕೊಳ್ಳುವ ಯಂತ್ರ ಇರುತ್ತದೆ ಎಂದು ಅವಳು ಯಾವ ಲೆಕ್ಕದಲ್ಲಿ ಊಹಿಸಬೇಕಿತ್ತು.

ಟೆಕ್ನಿಷಿಯನ್ ಮೊದಲು ಕೂಗಾಡಿದರು. ಹೀಗೆಲ್ಲ ಮಾಡಿದರೆ ನಮ್ಮ ತಲೆಗೆ ಬರುತ್ತದೆ, ಓದಿದವರು ನೀವಾದರೂ ನೋಡಿಕೊಳ್ಳಬಾರದೇ ಎಂದು ನನಗೂ ಸೇರಿಸಿ ಬೈದರು. ಅಷ್ಟರಲ್ಲಿ ಅಪಘಾತದ ಕೇಸೊಂದು ಸ್ಟ್ರೆಚರಿನಲ್ಲಿ ಬಂತು. ನನ್ನ ಸರದಿ ಮುಂದೆ ಹೋಯಿತು. ಮತ್ತೆ ಕಬ್ಬಿಣದ ಕುರ್ಚಿ, ಮತ್ತೆ ಎಸಿಯ ಚಳಿ. ಗೌನಿನ ಮೇಲೆ ಅವ್ವ ತನ್ನ ಸೆರಗು ಹೊದಿಸಿದಳು. ನನಗೆ ಎಷ್ಟು ದಣಿವಾಗಿತ್ತೆಂದರೆ ಸಿಟ್ಟನ್ನು ಹಿಡಿದಿಟ್ಟುಕೊಳ್ಳಲೂ ಆಗಲಿಲ್ಲ. ಅವಳು ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತಾ ಕೂತಿದ್ದಳು.

"ಕುಬಸ ಮಾಡಂಗಿಲ್ಲ ಅಂದಿ" ಅಂದೆ. "ಮತ್ತ ಮೊಳಿ ಯಾಕ ಹೊಲದಿ?"

ಅವಳು ಮೊಳೆಯನ್ನು ಮುಷ್ಟಿಯೊಳಗೇ ಹೊರಳಿಸಿದಳು.

"ಕುಬಸ ಮಂದಿ ಮುಂದ ಮಾಡೂದು" ಅಂದಳು ಆಮೇಲೆ. "ಹಸರ ಸೀರಿ ಉಡಿಸಿ ಓಣಿ ಮಂದಿ ಮುಂದ ಕುಂಡ್ರಸ್ತೀನಿ. ನಾಳೆ ಏನರ ಹೆಚ್ಚುಕಮ್ಮಿ ಆತಂದ್ರ, ಅದ ಮಂದಿ ಮುಂದ ನೀ ಹೆಂಗ ಅಡ್ಡಾಡ್ತಿ? ನಿನ್ನ ಸಲುವಾಗಿ ಬ್ಯಾಡ ಅಂದೆ." ಮುಷ್ಟಿಯನ್ನು ನನ್ನ ಹೊಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು. "ಇದು ಅದರ ಸಲುವಾಗಿ."

ನಾನು ಆ ಸೆರಗಿನೊಳಗೆ ಮುಖ ಮುಚ್ಚಿಕೊಂಡು ಅತ್ತೆ. ಆ ಫೋನಿನ ದಿನದಿಂದ ಬಾರದೆ ಉಳಿದಿದ್ದ ಅಳು ಅದು. ಎದುರಿಗೆ ಕೂತವರು ಯಾರೂ ಏನೂ ಕೇಳಲಿಲ್ಲ. ಅಂಥ ಜಾಗದಲ್ಲಿ ಅಳುವವರನ್ನು ಯಾರೂ ಮಾತಾಡಿಸುವುದಿಲ್ಲ, ಅದೂ ಒಂದು ದೊಡ್ಡ ಉಪಕಾರ. ಸೆಕ್ಯುರಿಟಿಯವನು ಅವ್ವನ ಚಪ್ಪಲಿ ಹುಡುಕಿ ತಂದು ಅವಳ ಕಾಲಿನ ಹತ್ತಿರ ಇಟ್ಟು ಹೋದ.

ಸಂಜೆಯ ಹೊತ್ತಿಗೆ ಒಳಗೆ ಹೋದೆ. ಎಡಕ್ಕೆ ಹೊರಳಿಸಿ ಮಲಗಿಸಿದರು, ಕಿವಿಗೆ ಹತ್ತಿ ತುರುಕಿದರು, ಹೊಟ್ಟೆಯ ಮೇಲೆ ಭಾರದ ಪಟ್ಟಿಯೊಂದನ್ನು ಕಟ್ಟಿದರು, ಹೆದರಿಕೆಯಾದರೆ ಒತ್ತಿ ಎಂದು ಕೈಗೆ ರಬ್ಬರಿನ ಚೆಂಡು ಕೊಟ್ಟರು. ಆಮೇಲೆ ಬಡಿತ ಶುರುವಾಯಿತು. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರೆ ನಾವು ಪೈಪಿನೊಳಗೇ ಮಲಗಿದಂತೆ. ಉಸಿರು ಹಿಡೀರಿ, ಬಿಡಿ, ಮತ್ತೆ ಹಿಡೀರಿ ಎಂದು ಒಂದು ದನಿ ಬರುತ್ತಿತ್ತು. ಆ ಸದ್ದಿಗೆ ಮಗು ಒಳಗೆ ಕುಣಿದಾಡಿಬಿಟ್ಟಿತು. ಮಗು ಸುಮ್ಮನಿರುತ್ತಿಲ್ಲ, ಚಿತ್ರ ಕದಡಿ ಹೋಗುತ್ತಿದೆ, ಮತ್ತೊಮ್ಮೆ ತೆಗೆಯಬೇಕು ಎಂದು ದನಿ ಹೇಳಿತು. ಆಗಲಿ ಎಂದೆ. ಹೀಗೆ ಮತ್ತೆ ಮತ್ತೆ ಆಯಿತು. ಎಡ ತೋಳು ಜೋಮು ಹಿಡಿದು ಇಲ್ಲವೇ ಇಲ್ಲ ಅನ್ನಿಸಿತು. ಆ ಚೆಂಡನ್ನು ನಾನು ಒತ್ತಲಿಲ್ಲ. ಗೋಡೆಯ ಆಚೆ ಅವ್ವ ಒಂದು ಮೊಳೆ ಹಿಡಿದುಕೊಂಡು ಕೂತಿದ್ದಾಳೆ ಎಂಬುದೊಂದೇ ನನಗೆ ಆ ಹೊತ್ತಿನಲ್ಲಿ ಗೊತ್ತಿದ್ದ ನಿಜ.

ರಿಪೋರ್ಟ್ ಬಂತು. ಮಿದುಳಿನ ಬಲ ಎಡಗಳನ್ನು ಜೋಡಿಸುವ ಸೇತುವೆಯಂಥ ಭಾಗವೊಂದು ಕಾಣುತ್ತಿಲ್ಲ, ಅದು ಬೆಳೆದಿಲ್ಲ ಅನ್ನಿಸುತ್ತದೆ, ಉಳಿದದ್ದು ಈಗ ಕಂಡಮಟ್ಟಿಗೆ ಸರಿಯಾಗಿದೆ ಎಂದು ಡಾಕ್ಟರು ಓದಿ ಹೇಳಿದರು. ಹಾಗಾದರೆ ಮಗು ಹೇಗಿರುತ್ತದೆ ಎಂದು ಕೇಳಿದೆ.

"ಇಂಥ ಮಕ್ಕಳಲ್ಲಿ ಎಷ್ಟೋ ಜನ ಶಾಲೆಗೆ ಹೋಗ್ಕೊಂಡು ಚೆನ್ನಾಗಿದ್ದಾರೆ. ಕೆಲವರಿಗೆ ತುಂಬಾ ಕಷ್ಟ ಆಗಿದೆ. ನಿಮ್ಮದು ಯಾವ ಕಡೆ ಅಂತ ಈ ಫಿಲ್ಮ್ ಹೇಳಲ್ಲ ಗಿರಿಜಾ. ನಾನೂ ಹೇಳಕ್ಕಾಗಲ್ಲ. ಸುಳ್ಳು ಹೇಳಲಿ ಅಂತೀಯಾ?"

ಇಷ್ಟು ದೂರ ನಡೆದು ಬಂದು ಸೇರಿದ್ದು ಹೊರಟ ಜಾಗಕ್ಕೇ ಅನ್ನಿಸಿತು. ಉತ್ತರ ಸಿಗುತ್ತದೆ ಎಂಬ ಆಸೆಯಲ್ಲೇ ಅಲ್ಲಿಯವರೆಗೆ ದಿನ ದೂಡಿದ್ದೆ. ವೀರೇಶ ನನ್ನ ಮುಖ ನೋಡಿ, ನೀನು ಹೇಗೆ ಹೇಳಿದರೆ ಹಾಗೆ ಅಂದರು. ಅದು ಪ್ರೀತಿಯೋ, ಭಾರ ಇಳಿಸಿಕೊಳ್ಳುವ ಉಪಾಯವೋ ನನಗೆ ಈಗಲೂ ತಿಳಿಯದು, ಎರಡೂ ಇದ್ದಿರಬಹುದು. ಇಟ್ಟುಕೊಳ್ಳುತ್ತೇನೆ ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಬೇಡ ಎನ್ನಲು ಬಾಯಿ ತೆರೆದರೆ ಆ ಮಾತು ಬರಲಿಲ್ಲ, ಅಷ್ಟೇ. ಇಂಥದೇ ಕೋಣೆಯಲ್ಲಿ ಕೂತು ಬೇಡ ಎಂದವರೂ ಇದನ್ನು ಓದುತ್ತಿರಬಹುದು. ನಿಮ್ಮ ಬಗ್ಗೆ ನನ್ನಲ್ಲಿ ಒಂದೇ ಒಂದು ಆಕ್ಷೇಪದ ಮಾತಿಲ್ಲ. ಆ ಕುರ್ಚಿಯ ದಣಿವು ನನಗೂ ಗೊತ್ತು.

ಮನೆಗೆ ಬಂದು ಹೇಳಿದಾಗ ಅವ್ವ ರಿಪೋರ್ಟಿನಲ್ಲಿ ಏನಿದೆ ಎಂದು ಕೇಳಲಿಲ್ಲ. ಜಯಮ್ಮ ಆಂಟಿಯನ್ನು ಕರೆದುಕೊಂಡು ಹೋಗಿ ಜಯನಗರದ ನಾಲ್ಕನೇ ಬ್ಲಾಕಿನಿಂದ ಹಸಿರು ಬಳೆ, ಹಸಿರು ಸೀರೆ ತಂದಳು. ನಮ್ಮ ಕಡೆ ದೊಡ್ಡ ಕುಬಸಕ್ಕೆ ಮೊದಲು ಯಾರನ್ನೂ ಕರೆಯದೆ, ಮನೆಯವರಷ್ಟೇ ಸೇರಿ ಮಾಡುವ ಕಳ್ಳ ಕುಬಸ ಎಂಬುದೊಂದಿದೆ. ಅದನ್ನು ಮಾಡಿದಳು. ಬಳೆ ತೊಡಿಸಿದ್ದು ಜಯಮ್ಮ ಆಂಟಿ. ಇಟ್ಟುಕೊಳ್ಳಬೇಡ ಅಂದಿದ್ದ ಅದೇ ಆಂಟಿ ನನ್ನ ಕೈ ಒತ್ತಿ ಒತ್ತಿ ಮೃದು ಮಾಡಿ, ಒಂದೂ ಬಳೆ ಒಡೆಯದ ಹಾಗೆ ಏರಿಸಿದರು. ಅವರ ಕಣ್ಣಲ್ಲಿ ನೀರಿತ್ತು. ದೊಡ್ಡ ಕುಬಸ ಆಗಲೇ ಇಲ್ಲ. ನನಗೆ ಅದು ಬೇಕೂ ಅನ್ನಿಸಲಿಲ್ಲ.

ಮಗಳು ಹುಟ್ಟಿದಳು. ಅನ್ನಪೂರ್ಣಾ ಎಂದು ಹೆಸರಿಟ್ಟೆವು, ಕರೆಯುವುದು ಅನ್ನಿ ಎಂದು. ಅವಳು ತಡವಾಗಿ ಕೂತಳು, ತಡವಾಗಿ ನಡೆದಳು, ಮಾತು ಇನ್ನೂ ತಡವಾಗಿ ಬಂತು. ಎರಡೂ ಕೈ ಸೇರಿ ಮಾಡಬೇಕಾದ ಕೆಲಸ ಅವಳಿಗೆ ಕಷ್ಟ. ಒಂದು ಕೈ ಗುಂಡಿ ಹಿಡಿದರೆ ಇನ್ನೊಂದು ಕೈ ಕಾಜವನ್ನು ಮರೆತುಬಿಡುತ್ತದೆ. ವಾರಕ್ಕಿಷ್ಟು ದಿನ ಥೆರಪಿ, ಅಲ್ಲೂ ಕುರ್ಚಿಗಳು. ನಾನು ಅಂಗಡಿಯ ಕೆಲಸ ಬಿಟ್ಟೆ. ಸುಖವಾಗಿದ್ದೇವೆ ಎಂದು ಬರೆದರೆ ಅರ್ಧ ಸುಳ್ಳು. ದಣಿದಿದ್ದೇನೆ, ಮಗಳನ್ನು ಬಹಳ ಪ್ರೀತಿಸುತ್ತೇನೆ, ಎರಡೂ ಒಟ್ಟಿಗೆ ಇರುತ್ತವೆ. ವೀರೇಶ ಈಗ ಕುರ್ಚಿ ಬಿಟ್ಟು ಓಡುವುದಿಲ್ಲ. ಅನ್ನಿಯನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬನಶಂಕರಿಯವರೆಗೆ ಒಂದು ಸುತ್ತು ಹಾಕಿಸಿದರೆ ಅವಳ ಅರ್ಧ ಹಟ ಇಳಿಯುತ್ತದೆ ಎಂದು ಕಂಡುಹಿಡಿದವರು ಅವರೇ.

ಅನ್ನಿಗೆ ಈಗ ಏಳು ವರ್ಷ. ಹೋದ ತಿಂಗಳು ಅವಳಿಗೆ ಫಿಟ್ಸ್ ಬಂತು. ಇನ್ನೊಮ್ಮೆ ಎಂಆರ್‌ಐ ನೋಡೋಣ ಎಂದರು. ಅದೇ ನೆಲಮಾಳಿಗೆ, ಅದೇ ಕುರ್ಚಿಗಳು, ಗೋಡೆಯ ಬಣ್ಣವಷ್ಟೇ ಬೇರೆ. ಊರಿನಿಂದ ಅವ್ವ ಬಂದಿದ್ದಳು. ಈಗ ಅವಳಿಗೆ ಮೆಟ್ಟಿಲು ಇಳಿಯಲು ನನ್ನ ಭುಜ ಬೇಕು. ಹೆಸರು ಕರೆದ ಕೂಡಲೇ ನಾನು ಮಗಳ ಮುಂದೆ ಕೂತು ಅವಳ ಲಂಗದ ಅಂಚನ್ನು ಸುತ್ತಲೂ ಬೆರಳಿನಿಂದ ಒತ್ತಿ ಒತ್ತಿ ನೋಡಿದೆ. ಏನೂ ಇರಲಿಲ್ಲ. ತಲೆ ಎತ್ತಿದರೆ ಅವ್ವ ನನ್ನನ್ನೇ ನೋಡುತ್ತಿದ್ದಳು.

"ಈ ಸರ್ತಿ ಹೊಲದಿಲ್ಲ" ಅಂದಳು. "ನನ್ನ ಕಡೇನ ಐತಿ."

ಮುಷ್ಟಿ ಬಿಚ್ಚಿದಳು. ಅದೇ ಮೊಳೆ. ಇಷ್ಟು ವರ್ಷ ಹಿಡಿದು ಹಿಡಿದು ಅದರ ತುಕ್ಕು ಹೋಗಿ ನುಣುಪಾಗಿತ್ತು. ಅನ್ನಿ ಅದನ್ನು ಮುಟ್ಟಿ, ಯಾರದು ಎಂದು ತನ್ನ ನಿಧಾನದ ಮಾತಿನಲ್ಲಿ ಕೇಳಿದಳು.

"ನಿಂದವ್ವಾ" ಅಂದಳು ಅವ್ವ. "ನೀ ಒಳಗ ಹೋಗಿ ಬಾ. ನಾ ಹಿಡಕೊಂಡಿರ್ತೀನಿ."